ಟೇಲ್ ಲೈಟಿನ ತೂತಿನಿಂದ ಬಂದ ಕೈ

ನಮ್ಮ ಅತ್ತಿಗೆ ಹಲ್ಲು ಕಟ್ಟುವವರು. ಬಾಯಿ ಬೇರೆಯವರದು, ಹಲ್ಲು ಇವರದು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಕಿಟಕಿ ಪಕ್ಕದ ಮೇಜಿನ ಮೇಲೆ ಅದಕ್ಕೊಂದು ಸೆಟ್ಟು ಕೂರಿಸುತ್ತಾರೆ. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುವ ಮೊದಲು ಹಲ್ಲು ನೋಡಿ, "ಇದು ನಮ್ದೇ" ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ನನ್ನದೂ ಅದೇ ಚಾಳಿ. ನಾನು ಹಳೇ ಕಾರುಗಳ ವ್ಯಾಪಾರಿ. ಜನ ಕಾರಿನ ಬಣ್ಣ ನೋಡುತ್ತಾರೆ, ನಾನು ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸುತ್ತೇನೆ. ಮುಗ್ಗಲು ವಾಸನೆ ಬಂದರೆ ಮಾರುವವನ ಎದುರು ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಹಿಗ್ಗುತ್ತೇನೆ.

ಅತ್ತಿಗೆಯ ಕಾರಿನ ಡಿಕ್ಕಿಯಲ್ಲಿ ಆ ವಾಸನೆ ಧಾರಾಳವಾಗಿತ್ತು. ಹಿಂದಿನ ಎಡಗಡೆ ದೀಪದೊಳಗೆ ಅರ್ಧದವರೆಗೆ ನೀರು. ಕಾರು ತಿರುವು ತೆಗೆದುಕೊಂಡಾಗ ಅದೂ ತುಳುಕುತ್ತಿತ್ತು, ಎರಡು ಮೀನು ಬಿಟ್ಟಿದ್ದರೆ ಚೆನ್ನಾಗಿ ಬದುಕುತ್ತಿದ್ದವು. ಬಲ್ಬು ಹಾಕಿದಷ್ಟೂ ಸುಟ್ಟುಹೋಗುತ್ತಿತ್ತು.

ಆದರೆ ಆ ಕಾರಿನ ಮೇಲೆ ಅತ್ತಿಗೆಗೆ ಪ್ರಾಣ. ಡ್ರೈವಿಂಗ್ ಕಲಿತದ್ದೇ ಐವತ್ತು ದಾಟಿದ ಮೇಲೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎಷ್ಟು ಸಲ ಫೇಲಾದರು ಎಂಬುದನ್ನು ಮನೆಯಲ್ಲಿ ಯಾರೂ ಎಣಿಸುವಂತಿಲ್ಲ. ಹಗಲೆಲ್ಲ, ಕಟ್ಟಿದ ಹಲ್ಲನ್ನು ಉಜ್ಜಿ ನಯಮಾಡುವಾಗ ಏಳುವ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಕಟ್ಟಿಕೊಂಡು ಬಾಯಿ ಮುಚ್ಚಿ ಕೂತವರು, ಸಂಜೆ ಸ್ಟೀರಿಂಗ್ ಹಿಡಿದರೆ ಸಾಕು, ಗಂಟಲು ಬಿಟ್ಟು ಹಾಡುತ್ತಾರೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಗಾಜು ಏರಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ಹಾಡುವುದಿಲ್ಲ. ಅಲ್ಲಿ ನಮ್ಮಣ್ಣ ವಾರ್ತೆ ಕೇಳುತ್ತಿರುತ್ತಾನೆ.

ಅಣ್ಣ ಲಿಫ್ಟ್ ಕಂಪನಿಯಿಂದ ನಿವೃತ್ತನಾದವನು. ಬಿಗಿ ಮಾಡುವುದು ಅವನ ಕುಲಕಸುಬು. ಅವನು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಎರಡು ಕೈ ಬೇಕು, ಅವನು ಮುಚ್ಚಿದ ಡಬ್ಬಿಯನ್ನು ಪಕ್ಕದ ಮನೆಗೆ ಒಯ್ದು ತೆಗೆಸಬೇಕು. ದೀಪ ಸೋರತೊಡಗಿದಾಗಲೂ ಅವನು ಬಿಗಿದ. ಇನ್ನಷ್ಟು ಸೋರಿತು, ಇನ್ನಷ್ಟು ಬಿಗಿದ. ಕಡೆಗೆ ಸುತ್ತಲೂ ಒಂದು ಟ್ಯೂಬ್ ಸಿಲಿಕಾನ್ ಪೇಸ್ಟ್ ಮೆತ್ತಿದ. ದೀಪದ ತಳದಲ್ಲಿ ನೀರು ಇಳಿದುಹೋಗಲೆಂದೇ ಕಂಪನಿಯವರು ಬಿಟ್ಟಿದ್ದ ಸಣ್ಣ ತೂತೂ ಅದರಡಿ ಮುಚ್ಚಿಹೋಯಿತು. ಒಳಗೆ ಬಂದ ನೀರಿಗೆ ಹೊರಹೋಗುವ ದಾರಿಯೂ ಇಲ್ಲದಾಯಿತು.

ಶನಿವಾರ ಊಟಕ್ಕೆ ಕೂತಾಗ ಅಣ್ಣ ನನ್ನೆದುರೇ ತೀರ್ಪು ಕೊಟ್ಟ. "ಸೋಮವಾರ ಕಾರಿನ ತಪಾಸಣೆ. ಆ ದೀಪ ಉರೀದೆ ಇದ್ರೆ ಪಾಸ್ ಮಾಡಲ್ಲ. ಆಮೇಲೆ ನಾನಂತೂ ಕೈ ಹಚ್ಚಲ್ಲ. ಇವನಿಗೆ ಕೊಟ್ಟುಬಿಡೋಣ."

"ಉರಿದ್ರೆ?" ಅಂದರು ಅತ್ತಿಗೆ.

"ಉರಿದ್ರೆ ಆ ಕಾರಿನ ಸುದ್ದಿಗೆ ಜನ್ಮದಲ್ಲಿ ಬರಲ್ಲ."

"ಮೈದುನನ ಮುಂದೆ ಹೇಳಿದ್ದೀರಿ, ನೆನಪಿರಲಿ."

ಮೈದುನ ತಟ್ಟೆ ನೋಡುತ್ತ ಕೂತಿದ್ದ. ಅವನ ಹತ್ತಿರ ಆ ಕಾರಿಗೆ ಗಿರಾಕಿಯೊಬ್ಬ ಆಗಲೇ ತಯಾರಿದ್ದ.

ಭಾನುವಾರ ಬೆಳಿಗ್ಗೆ ಹೋದರೆ ಅಂಗಳದಲ್ಲಿ ಅತ್ತಿಗೆ ಕೆಲಸದ ಏಪ್ರನ್ ಕಟ್ಟಿಕೊಂಡು, ಟಾರ್ಚು, ಸ್ಪ್ಯಾನರ್ ಹಿಡಿದು ಡಿಕ್ಕಿಯೊಳಗೆ ಕಾಲಿಡುತ್ತಿದ್ದರು. "ನಾನು ಒಳಗೆ ಕೂತು ನೋಡ್ತೀನಿ. ನೀನು ಬಾಗಿಲು ಹಾಕಿ ಹೊರಗಿಂದ ನೀರು ಹುಯ್ಯಿ. ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲಿ."

ಹಾಕಿದೆ, ಹುಯ್ದೆ. ನೀರಿನ ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ.

"ಬಂತಾ ಅತ್ತಿಗೆ?"

"ಬಂತು."

"ಎಲ್ಲಿಗೆ?"

"ಮೂಗಿಗೆ." ಒಳಗಿನಿಂದ ಕಿಸಕ್ಕನೆ ನಗು. "ಸಾಕು, ಬಾಗಿಲು ತೆಗಿ."

"ಕೀಲಿ ಕೊಡಿ."

"ನಿನ್ನ ಹತ್ರ ಇಲ್ವಾ?"

"ನನ್ನ ಹತ್ರ ಯಾಕಿರುತ್ತೆ? ಕಾರು ಇನ್ನೂ ನನ್ನದಾಗಿಲ್ಲವಲ್ಲ."

ಒಳಗೆ ತಡಕಾಡುವ ಸದ್ದು. ಆಮೇಲೆ ಏಪ್ರನ್ ಜೇಬಿನಿಂದ ಕೀಲಿ ಗಲಗಲ ಅಂದಿತು, ಅದರ ಹಿಂದೆಯೇ ಡಿಕ್ಕಿಯೊಳಗೆ ನಗು ಒಡೆಯಿತು. ಇಡೀ ಕಾರು ಅಲುಗಾಡತೊಡಗಿತು. ನಾನು ಗಾಬರಿಯಾಗಲು ನೋಡಿದೆ, ಆದರೆ ಅಷ್ಟು ನೀರು ನುಗ್ಗುವ ಜಾಗದಲ್ಲಿ ಗಾಳಿಗೇನು ಬರ ಅನಿಸಿತು. ಅದಾದ ಮೇಲೆ ನನಗೂ ತಡೆಯಲಾಗಲಿಲ್ಲ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನಕ್ಕೆ.

ಅಣ್ಣ ಹೊರಗೆ ಬಂದ. "ಯಾರು ನಗ್ತಿರೋದು? ಎಲ್ಲಿ ಅವಳು?"

ನಾನು ಡಿಕ್ಕಿ ತೋರಿಸಿದೆ.

"ಇನ್ನೊಂದು ಕೀಲಿ ಎಲ್ಲಿಟ್ಟಿದ್ದೀರಿ?" ಅಂತ ಡಿಕ್ಕಿ ಕೇಳಿತು.

ಅಣ್ಣ ಒಳಗೆ ಹೋಗಿ ಒಂದು ಗಾಜಿನ ಡಬ್ಬಿ ತಂದ. ಕೀಲಿ ಅದರೊಳಗೆ ಕಾಣುತ್ತಿತ್ತು. ಮುಚ್ಚಳ ಹಾಕಿದವನು ಅವನೇ. ಮಂಡಿಗಳ ನಡುವೆ ಇಟ್ಟು ತಿರುಗಿಸಿದ, ಬಟ್ಟೆ ಸುತ್ತಿ ತಿರುಗಿಸಿದ, ನನ್ನ ಕೈಗೆ ಕೊಟ್ಟು ತಾನು ತಳ ಹಿಡಿದು ತಿರುಗಿಸಿದ. ಇಬ್ಬರೂ ಡಬ್ಬಿಯ ಸುತ್ತ ಗಿರಗಿರನೆ ಸುತ್ತಿದೆವು, ಮುಚ್ಚಳ ಮಿಸುಕಲಿಲ್ಲ.

"ಡಬ್ಬಿನಾ ತೆಗೀತಿರೋದು?" ಅಂದರು ಅತ್ತಿಗೆ ಒಳಗಿನಿಂದ. "ಹಾಗಾದ್ರೆ ನಾನು ರಾತ್ರಿ ಊಟ ಇಲ್ಲೇ ಮಾಡ್ತೀನಿ."

ಆಮೇಲೆ ಒಳಗೆ ಸ್ಪ್ಯಾನರ್ ಸದ್ದು ಶುರುವಾಯಿತು. ದೀಪದ ಪೆಟ್ಟಿಗೆ ಹೊರಗಡೆ ಕೂತಿದ್ದರೂ ಅದನ್ನು ಹಿಡಿದಿರುವ ನಾಲ್ಕು ನಟ್ಟು ಡಿಕ್ಕಿಯೊಳಗೇ ಇರುತ್ತವೆ. "ರೀ, ನಡುವಿನ ಎರಡು ನಟ್ಟು ಬೆರಳಲ್ಲೇ ತಿರುಗ್ತಿವೆ. ತುದಿಯ ಎರಡಕ್ಕೆ ಏನು ಮಾಡಿದ್ದೀರಿ, ಶಾಪ ಹಾಕಿದ್ದೀರಾ?"

"ನಡುವಿನದು ವೈರಿನ ಹಿಂದಿದೆ, ನನ್ನ ಕೈ ಹೋಗಲ್ಲ," ಅಂದ ಅಣ್ಣ, ಡಬ್ಬಿಯನ್ನು ತಬ್ಬಿಕೊಂಡೇ.

ಒಳಗೆ ಒದ್ದ ಸದ್ದು, ಕಿರ್ರೆಂದ ಸದ್ದು. ಸಿಲಿಕಾನ್ ಹರಿದು ದೀಪ ಹೊರಗೆ ಬಾಗಿತು, ನೀರೆಲ್ಲ ಅಣ್ಣನ ಚಪ್ಪಲಿ ಮೇಲೆ ಸುರಿಯಿತು. ದೀಪವಿದ್ದ ತೂತಿನಿಂದ ಅತ್ತಿಗೆಯ ಕೈ ಹೊರಬಂತು, ಬೆರಳ ತುದಿಯಲ್ಲಿ ಕೀಲಿ. ಬಳೆಗೆ ಕಾರ್ಪೆಟ್ಟಿನ ನೂಲು ಸಿಕ್ಕಿಕೊಂಡಿತ್ತು. ಆ ಕೈ ಕೀಲಿಯನ್ನು ಸುಮ್ಮನೆ ಕೊಡಲಿಲ್ಲ. ಒಮ್ಮೆ ಅಣ್ಣನ ಕಡೆ, ಒಮ್ಮೆ ನನ್ನ ಕಡೆ ಆಡಿಸಿ ಆಮೇಲೆ ಬಿಟ್ಟಿತು.

ಹೊರಗೆ ಬಂದಾಗ ಅತ್ತಿಗೆ ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು, ಮಾತೂ ಒಣಗಿರಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ನೀಲಿ ಕಾಗದದ ಪಟ್ಟಿ ತಂದರು. ಹಲ್ಲಿನ ಸೆಟ್ಟು ಸರಿಯಾಗಿ ಕೂತಿದೆಯೇ ನೋಡಲು ಅದನ್ನು ಕಚ್ಚಿಸುತ್ತಾರೆ. ತಾಕಿದಲ್ಲಿ ನೀಲಿ ಗುರುತು ಬೀಳುತ್ತದೆ. ದೀಪಕ್ಕೂ ಕಾರಿನ ಮೈಗೂ ನಡುವೆ ಕಾಗದವಿಟ್ಟು, ಎರಡು ತುದಿಯನ್ನು ಅಣ್ಣ ಬಿಗಿದಷ್ಟೇ ಬಿಗಿದು ಬಿಚ್ಚಿ ತೋರಿಸಿದರು. ತುದಿಗಳಲ್ಲಿ ಕಡುನೀಲಿ, ನಡುವೆ ಏನೂ ಇಲ್ಲ.

"ನೋಡಿ ಯಜಮಾನರೆ. ಕೋರೆಹಲ್ಲೆರಡು ಕಚ್ಚಿವೆ, ಮುಂದಿನ ಹಲ್ಲು ಗಾಳಿಲಿವೆ. ನೀವು ತುದಿ ಬಿಗಿದಷ್ಟೂ ನಡು ಬಿಲ್ಲಿನ ಥರ ಬಾಗಿ ಬಾಯಿ ಬಿಟ್ಟಿದೆ."

ಅಣ್ಣ ಕಾಗದವನ್ನು ಬೆಳಕಿಗೆ ಹಿಡಿದ, ತಿರುಗಿಸಿ ಹಿಡಿದ.

ಮಧ್ಯಾಹ್ನವೆಲ್ಲ ಕೆಲಸ. ಅತ್ತಿಗೆ ಹಳೇ ಪೇಸ್ಟ್ ಕೆರೆದರು. ತಳದ ತೂತನ್ನು ಹಲ್ಲಿನ ಕಡ್ಡಿಯಿಂದ ಬಿಡಿಸಿದರು. ಕೂದಲು ಒಣಗಿಸುವ ಯಂತ್ರದಿಂದ ಪೆಟ್ಟಿಗೆಯ ಒಳಗನ್ನು ಒಣಗಿಸಿ, ಬಾಗಿದ ಜಾಗವನ್ನು ಹದವಾಗಿ ಬಿಸಿಮಾಡಿ ಮಟ್ಟಸ ಮಾಡಿದರು. ಕಲ್ಲಿನಂತಾಗಿದ್ದ ರಬ್ಬರ್ ಪಟ್ಟಿ ಕಿತ್ತು ಹೊಸದು ಅಂಟಿಸಿದರು. ಒಂದೊಂದು ನಟ್ಟನ್ನೂ ಸ್ವಲ್ಪ ಸ್ವಲ್ಪವೇ ಬಿಗಿದರು, ಒಂದು ಈ ಕಡೆ, ಒಂದು ಆ ಕಡೆ. ಕಾಗದದ ಮೇಲೆ ಸುತ್ತಲೂ ಒಂದೇ ನೀಲಿ ಬಿದ್ದದ್ದೇ ತಡ, ಅಣ್ಣ ಸ್ಪ್ಯಾನರ್ ಎತ್ತಿಕೊಂಡ. ಅತ್ತಿಗೆ ಕೈ ಚಾಚಿದರು. ಅವನು ವಾಪಸ್ ಕೊಟ್ಟ.

"ಈ ಸಲ ಡಿಕ್ಕಿಯೊಳಗೆ ನೀವು," ಅಂದರು.

"ನಾನಾ?"

"ನಾನು ನೋಡಿ ಸೋರಲ್ಲ ಅಂದ್ರೆ ನಾಳೆ ನೀವು ನಂಬ್ತೀರಾ?"

ಹೊಟ್ಟೆ ಮೊದಲು, ಕಾಲು ಆಮೇಲೆ, ಅಂತೂ ಅಣ್ಣನನ್ನು ಒಳಗೆ ತುಂಬಿದೆವು. ಬಾಗಿಲು ಹಾಕುವ ಮೊದಲು ಕೀಲಿ ಯಾರ ಕೈಯಲ್ಲಿದೆ ಎಂದು ಎರಡು ಸಲ ಕೇಳಿ ನೋಡಿದ. ಅತ್ತಿಗೆ ಬಕೆಟ್ ಸುರಿದರು.

"ಏನ್ರೀ, ಬಂತಾ?"

"ಇಲ್ಲ."

"ಟಾರ್ಚ್ ಹಾಕಿ ನೋಡಿ."

"ಹಾಕೇ ಇದೆ. ಒಂದು ಹನಿ ಇಲ್ಲ ಕಣೇ. ತೆಗಿ ಬಾಗಿಲು."

"ಇನ್ನೊಂದು ಬಕೆಟ್ ನೋಡೋಣ." ಅತ್ತಿಗೆ ಡಿಕ್ಕಿಯ ಮೇಲೆ ಹತ್ತಿ ಕೂತು ಹಾಡಲು ಶುರುಮಾಡಿದರು. ಪೂರ್ತಿ ಹಾಡು, ಎಲ್ಲ ಚರಣಗಳೂ. ಅಣ್ಣನಿಗೆ ವಾರ್ತೆಗೆ ತಿರುಗಿಸುವ ಅವಕಾಶವಿರಲಿಲ್ಲ. ಎರಡನೇ ಚರಣಕ್ಕೆ ಕೆಳಗಿನಿಂದ ಟಾರ್ಚಿನಲ್ಲಿ ತಾಳ ಕೇಳಿಸಿತು.

ಸೋಮವಾರ ಮೂವರೂ ಹೋದೆವು. ನಾನು ಹೋದದ್ದು ಯಾಕೆ ಅಂದರೆ, ವ್ಯಾಪಾರಿ ಕೊನೇ ಗಳಿಗೆಯವರೆಗೆ ಗಿರಾಕಿಗೆ ಇಲ್ಲ ಅನ್ನುವುದಿಲ್ಲ. ತಪಾಸಣೆಯವನು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, "ಬ್ರೇಕ್ ಒತ್ತಿ" ಅಂದ. ಅತ್ತಿಗೆ ಒತ್ತಿದರು. ಅವನು ದೀಪಕ್ಕೆ ಬೆರಳಿನಿಂದ ಟಕಟಕ ಬಡಿದ, ತಳ ನೋಡಿದ. ಅಣ್ಣ ಉಸಿರು ಬಿಡದೆ ನಿಂತಿದ್ದ. ಕಾರು ಹೋಗಲಿ ಎಂದೋ, ಉಳಿಯಲಿ ಎಂದೋ, ಮುಖ ನೋಡಿ ಹೇಳುವಂತಿರಲಿಲ್ಲ.

"ಸರಿಯಿದೆ, ತಗೊಂಡ್ಹೋಗಿ," ಅಂದ ಅವನು.

ಅತ್ತಿಗೆ ತಗೊಂಡುಹೋದರು. ಎಷ್ಟು ಖುಷಿಯಲ್ಲಿ ಹೋದರು ಅಂದರೆ ನಮ್ಮಿಬ್ಬರನ್ನು ಅಲ್ಲೇ ಮರೆತರು. ಆವರಣದ ಸುತ್ತ ಒಂದು ಸುತ್ತು ಬಂದರು. ನಾವು ಕೈ ತೋರಿಸಿದೆವು. ಅವರೂ ಕೈ ಬೀಸಿ ಎರಡನೇ ಸುತ್ತಿಗೆ ಹೊರಟರು. ಎದುರಿಗೆ ಯಾರೂ ಇಲ್ಲದಿದ್ದರೂ ಹತ್ತು ಹೆಜ್ಜೆಗೊಮ್ಮೆ ಬ್ರೇಕ್ ಒತ್ತುತ್ತಿದ್ದರು. ತೆರೆದ ಕಿಟಕಿಯಿಂದ ಹಾಡು ದೂರವಾಗಿ, ಮತ್ತೆ ಹತ್ತಿರವಾಗುತ್ತಿತ್ತು.

"ಎಷ್ಟು ಕೆಂಪಗೆ ಉರೀತಿದೆ ನೋಡೋ," ಅಂದ ಅಣ್ಣ.

ಕೈತಪ್ಪಿದ ಸರಕನ್ನು ಹೊಗಳುವ ಅಭ್ಯಾಸ ನನಗಿಲ್ಲ. ಆದರೂ ಕೆಂಪಗೇ ಇತ್ತು.