ಖಾಲಿ ತೊಟ್ಟಿಲು ತೂಗಿದ ದಿನ

"ಬಾಣಂತಿ ಮನಿ ಐತಿ, ಹೊಸ್ತಿಲ ದಾಟಬ್ಯಾಡ್ರಿ!" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಾಗ, ಕೋಲು ಹಿಡಿದು ಬಂದ ಗಂಡಸರು ಅಂಗಳದಲ್ಲೇ ನಿಂತರು.

ನಿಜಾಮನ ಆಳ್ವಿಕೆ ಮುಗಿದ ಆ ವಾರ ಶಹಾಪುರದಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ. ಅವರು ಹುಡುಕುತ್ತಿದ್ದದ್ದು ನಮ್ಮ ನೆರೆಮನೆಯ ಮುಸ್ಲಿಂ ಕುಟುಂಬವನ್ನು. ಅಜ್ಜಿ ಊರಿಗೆಲ್ಲ ಸೂಲಗಿತ್ತಿ. ಅವಳು ಬೇವಿನ ಸೊಪ್ಪು ಕಟ್ಟಿದ ಬಾಗಿಲನ್ನು ಯಾವ ಗಂಡಸೂ ದಾಟುತ್ತಿರಲಿಲ್ಲ. ಅಂದು ನಮ್ಮ ಬಾಗಿಲಿಗೂ ಅದನ್ನು ಕಟ್ಟಿದ್ದಳು. ಆದರೆ ನಮ್ಮ ಮನೆಯಲ್ಲಿ ಬಾಣಂತಿಯೇ ಇರಲಿಲ್ಲ. ಒಳಕೋಣೆಯಲ್ಲಿ ನೆರೆಮನೆಯ ನಾಲ್ವರು ಅಡಗಿ ಕುಳಿತಿದ್ದರು. ಬರಿ ತೊಟ್ಟಿಲು ತೂಗಿದರೆ ಅಪಶಕುನ ಎಂದು ಗದರುತ್ತಿದ್ದ ಅಜ್ಜಿ, ಅಂದು ತಾನೇ ಏಳು ವರ್ಷದ ನನ್ನ ಕೈಗೆ ಖಾಲಿ ತೊಟ್ಟಿಲಿನ ಹಗ್ಗ ಕೊಟ್ಟಿದ್ದಳು.

"ಕೂಸು ಯಾಕ ಅಳವಲ್ದು, ಆಯಿ?" ಎಂದ ಅವರಲ್ಲೊಬ್ಬ. ನನ್ನ ಕೈ ನಿಂತೇಹೋಯಿತು.

"ನೀನೂ ಹುಟ್ಟಿದಾಗ ಅತ್ತಿದ್ದಿಲ್ಲ. ಬೆನ್ನು ಬಡದು ಅಳಿಸಿದಾಕಿ ನಾ. ನಿಮ್ಮವ್ವನ್ನ ಕೇಳು, ಹೋಗು!" ಎಂದಳು ಅಜ್ಜಿ.

ಅವನು ತಲೆ ತಗ್ಗಿಸಿ ಹೊರಟ. ಉಳಿದವರೂ ಹಿಂದೆ ನಡೆದರು.

ತೊಂಬತ್ತು ದಾಟುವವರೆಗೂ ಅಜ್ಜಿ ಹೆರಿಗೆ ಮಾಡಿಸಿದಳು. ಈಗ ನಾನು ಮರಿಮೊಮ್ಮಗನ ತೊಟ್ಟಿಲು ತೂಗುವಾಗ ಮನೆಯವರೆಲ್ಲ ಕೂಸು ಮಲಗಲಿ ಎನ್ನುತ್ತಾರೆ. ನಾನು ಮಾತ್ರ, ಅದು ಒಮ್ಮೆ ಅತ್ತುಬಿಡಲಿ ಎಂದು ಕಾಯುತ್ತೇನೆ.