ಉದಯಪುರದ ದೋಣಿಯಲ್ಲಿ ನಮ್ಮನೆ ಹೂಕುಂಡ

ಉದಯಪುರದ ಸರೋವರ ಹೇಗಿತ್ತು ಅಂತ ಯಾರೂ ಕೇಳಬೇಡಿ, ಗೆಳೆಯರೇ. ಇವತ್ತು ಸಂಜೆ ದೋಣಿ ಹತ್ತಿ ಕೂತದ್ದೇ ತಡ, ಅಪ್ಪನ ಪಕ್ಕ ಒಬ್ಬ ಕನ್ನಡದ ಅಂಕಲ್ ಸಿಕ್ಕರು.

"ಬೆಂಗಳೂರಲ್ಲಿ ಎಲ್ಲಿ ಸಾರ್?"

"ಜಯನಗರ."

"ಅರೆ, ನಾವೂ ಅಲ್ಲೇ! ಯಾವ ಬ್ಲಾಕು?"

ಬ್ಲಾಕ್ ಆಯಿತು, ಮೇನ್ ಆಯಿತು, ಕ್ರಾಸ್‌ಗೆ ಬಂದರು. ಅಷ್ಟರಲ್ಲಿ ಎಡಕ್ಕೆ ಅರಮನೆ ಬಂತು. "ಅಪ್ಪಾ, ಅಲ್ನೋಡು" ಅಂದೆ. ತಿರುಗಲೇ ಇಲ್ಲ.

ಅಂಕಲ್ ನಮ್ಮ ಪಕ್ಕದ ಕ್ರಾಸ್‌ನವರಂತೆ. "ನಿಮ್ಮ ಕ್ರಾಸಲ್ಲಿ ಒಬ್ಬ ಮಹಾನುಭಾವ ಇದಾನೆ ಸಾರ್. ಯಾರೂ ಕಾರು ನಿಲ್ಲಿಸಬಾರ್ದು ಅಂತ ಮನೆ ಮುಂದೆ ರೋಡಲ್ಲೇ ಒಡೆದ ಹೂಕುಂಡ ಇಡ್ತಾನೆ. ನಾನು ಅದನ್ನ ಪಕ್ಕಕ್ಕೆ ತಳ್ಳಿ ನಿಲ್ಸ್ತೀನಿ."

ಅಪ್ಪ ಕೆಂಪಾದರು. "ಆ ಕುಂಡ ನಂದು ಕಣ್ರೀ! ಆ ಬಿಳಿ ಕಾರು ನಿಮ್ದಾ?"

ಅಲ್ಲಿಂದ ದಡ ಮುಟ್ಟುವವರೆಗೂ ಜಗಳ. ಫೆಬ್ರವರಿಯ ತಂಗಾಳಿ, ಮುಳುಗುವ ಸೂರ್ಯ, ಎಲ್ಲ ದಂಡ. ಇಳಿಯುವಾಗ ನಾನೇ ಕೈಮುಗಿದೆ. "ಅಂಕಲ್, ಬಿಟ್ಬಿಡಿ. ಇಲ್ಲೇನು ಕಾರಿದೆಯಾ ಜಗಳ ಆಡೋಕೆ?"

"ಕಾರು ನಿಮ್ಮನೆ ಮುಂದೇನೇ ಇದೆಯಮ್ಮ. ಮನೆಗೆ ಬೀಗ ಹಾಕಿತ್ತಲ್ಲ, ಆರಾಮಾಗಿರ್ಲಿ ಅಂತ ಗೇಟಿಗೆ ಅಡ್ಡ ನಿಲ್ಸಿ ಬಂದೆ."

ಅಪ್ಪ ಈಗ ಹೋಟೆಲಿನ ಬಾಲ್ಕನಿಯಲ್ಲಿ ಸರೋವರಕ್ಕೆ ಬೆನ್ನು ಹಾಕಿ ಕೂತಿದ್ದಾರೆ. ಎದುರುಮನೆ ಆಂಟಿಗೆ ಫೋನ್ ಮಾಡಿ ಕುಂಡದ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ.