ಒಂದೆಣಿಕೆ ಹಿಂದೆ

ಬೇಕೆಂದೇ ತಾಳ ತಪ್ಪಿಸುವುದು ಸುಲಭ ಅಂತ ತಿಳಿದವರು ಒಮ್ಮೆ ಪ್ರಯತ್ನ ಮಾಡಿ ನೋಡಬೇಕು. ಬಾರದವನು ತಪ್ಪಿಸುವುದು ಬೇರೆ, ಅವನಿಗೆ ಅದರಲ್ಲಿ ಶ್ರಮವೇ ಇಲ್ಲ. ನಲವತ್ತು ವರ್ಷ ಸರಿಯಾಗಿ ತಾಳ ಹಾಕಿದ ಕೈಯನ್ನು ತಪ್ಪಿಗೆ ಒಗ್ಗಿಸುವುದೆಂದರೆ ಸಂಜೆ ಮನೆಗೆ ಹೊರಟ ಹಸುವನ್ನು ಬೇರೆ ಬೀದಿಗೆ ತಿರುಗಿಸಿದ ಹಾಗೆ. ಒಂದು ಕ್ಷಣ ಮೈಮರೆತರೆ ಅದು ತನ್ನ ಮನೆ ಬಾಗಿಲಿಗೇ ಬಂದು ನಿಂತಿರುತ್ತದೆ.

ನಾನು ಎರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬಸವನಗುಡಿಯ ದೇವಸ್ಥಾನದ ಸಭಾಂಗಣವಿರಲಿ, ಮಲ್ಲೇಶ್ವರದ ಶನಿವಾರದ ಕಚೇರಿಯಿರಲಿ, ನಮ್ಮ ಚಾಮರಾಜಪೇಟೆಯ ರಾಮನವಮಿಯ ಪೆಂಡಾಲಿರಲಿ, ಒಬ್ಬ ಮನುಷ್ಯ ಮೃದಂಗ ನುಡಿಸುವ ಕಡೆಯೆಲ್ಲ ಮೊದಲ ಸಾಲಿನಲ್ಲಿ, ಅವನ ಕಣ್ಣಿಗೆ ನೇರವಾಗಿ ಬೀಳುವ ಕುರ್ಚಿ ಹಿಡಿದು ಕೂತು, ತೊಡೆಯ ಮೇಲೆ ತಪ್ಪು ತಾಳ ಹಾಕುತ್ತೇನೆ. ಅವನು ನುಡಿಸುವುದು ನನ್ನ ಮೃದಂಗ. ನಾನೇ ಅವನಿಗೆ ಮಾರಿದ್ದು. ಇಷ್ಟು ಕೇಳಿದ ಕೂಡಲೇ ಎಲ್ಲರೂ ನನ್ನ ಹೆಂಡತಿಯ ಪಕ್ಷ ಸೇರಿಬಿಡುತ್ತಾರೆ. "ರೀ, ಮಾರಿದ್ದು ನೀವು. ಅವನೇನ್ ಕದ್ಕೊಂಡ್ ಹೋದ್ನಾ?" ಅನ್ನುತ್ತಾಳೆ ಅವಳು. ಕದ್ದಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು.

ಹೊಟ್ಟೆಪಾಡಿಗೆ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಎಷ್ಟೋ ಕಾಲವಾದರೂ ನಮ್ಮ ಬೀದಿಯಲ್ಲಿ ಈಗಲೂ ಎಲ್ಲರಿಗೂ ಮೇಷ್ಟ್ರೇ. ಶಾಲೆಯಿಂದ ಬಂದು, ಕಾಫಿ ಕುಡಿದು, ಮೃದಂಗ ಎಳೆದುಕೊಂಡು ಕೂತಾಗ ಮಾತ್ರ ನನಗೆ ನಾನು ಸಿಗುತ್ತಿದ್ದೆ. ಗುರುಗಳ ಮನೆ ಎರಡು ಬೀದಿ ಆಚೆಗಿತ್ತು. ನನ್ನ ಮೊದಲ ಮೃದಂಗ ಸೀಳು ಬಿಟ್ಟಾಗ ಅವರೇ ನನ್ನನ್ನು ಬಳೇಪೇಟೆಗೆ ಕರೆದುಕೊಂಡು ಹೋದರು. ಕೈಗಾಡಿಗಳ ನಡುವೆ ನುಸುಳಿ ಒಂದು ವಾದ್ಯದ ಅಂಗಡಿಗೆ ಹೋಗಿ, ಹಿಂದಿನ ಕೋಣೆಯಲ್ಲಿ ಒರಗಿಸಿಟ್ಟಿದ್ದ ಹಲಸಿನ ಮರದ ಒಡಲುಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ಅವರು ಆರಿಸಿದ್ದು ಎಡಗಡೆಯ ಬಾಯಿಯ ಹತ್ತಿರ ಕಪ್ಪು ಗಂಟಿದ್ದ, ನೋಡಲು ಏನೇನೂ ಚೆನ್ನಾಗಿಲ್ಲದ ಒಂದನ್ನು. "ಇದನ್ನ ತಗೋ. ನೀನು ಸುಮ್ನಿದ್ರೂ ಇದು ಮಾತಾಡತ್ತೆ" ಅಂದರು. ಚರ್ಮ ಕಟ್ಟಿಸಿ ಮನೆಗೆ ತಂದ ದಿನ ನಾನು ಊಟಕ್ಕೂ ಏಳಲಿಲ್ಲ.

ಮೃದಂಗದ ಎಡಗಡೆಯ ಚರ್ಮಕ್ಕೆ, ನುಡಿಸುವ ಮುಂಚೆ, ನೀರಲ್ಲಿ ಕಲಸಿದ ರವೆಯನ್ನು ಬಿಲ್ಲೆಯ ಹಾಗೆ ತಟ್ಟಬೇಕು. ಆಗಲೇ ಆ ಗುಮ್ಮೆನ್ನುವ ನಾದ ಏಳುವುದು. ನುಡಿಸಿದ ಮೇಲೆ ತೆಗೆದು ಒರೆಸಬೇಕು, ಒಣಗಲು ಬಿಟ್ಟರೆ ಚರ್ಮ ಕೆಡುತ್ತದೆ. ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ಮೃದಂಗಕ್ಕೂ ಒಂದೇ ರವೆ ಡಬ್ಬ. ನಾನು ದೊಡ್ಡ ವಿದ್ವಾಂಸನಾಗಲಿಲ್ಲ. ಭಜನೆಗೆ, ಮದುವೆ ಮನೆಗೆ, ಹಾಡು ಕಲಿಯುವ ಮಕ್ಕಳ ಮೊದಲ ಕಚೇರಿಗೆ ನುಡಿಸಿದೆ. ಆದರೆ ತಾಳದಲ್ಲಿ ಮೇಷ್ಟ್ರು ಗಟ್ಟಿ ಅನ್ನುವ ಹೆಸರು ಮೂರು ಬಡಾವಣೆಗಳಲ್ಲಿ ಇತ್ತು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಮಂಡಿ ಕೈಕೊಟ್ಟಿತು. ನೆಲದ ಮೇಲೆ ಕೂರಲೇಬಾರದು ಅಂದರು ಡಾಕ್ಟರು. ಚಕ್ಕಳಮಕ್ಕಳ ಹಾಕದೆ ಮೃದಂಗ ನುಡಿಸುವುದು ಹೇಗೆ? ಅದು ಹಾಲಿನ ಮೂಲೆ ಸೇರಿತು. ಸ್ವಲ್ಪ ದಿನಕ್ಕೆ ಅದರ ಮೇಲೆ ಫೋನಿನ ಚಾರ್ಜರು ಬಂತು, ಆಮೇಲೆ ಕರೆಂಟ್ ಬಿಲ್ಲು ಬಂತು. ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು, ಹಾಗಾಗಿ ನೋಡುವುದನ್ನೇ ಬಿಟ್ಟೆ.

ಸರಿಯಾಗಿ ಆ ಹೊತ್ತಿಗೇ ಅವನು ಬಂದ. ನಮ್ಮ ಗುರುಗಳ ಕೊನೆಯ ಶಿಷ್ಯ, ನನಗಿಂತ ಬಹಳ ಚಿಕ್ಕವನು, ಮತ್ತಿಕೆರೆಯಲ್ಲಿ ವಿದ್ಯಾರ್ಥಿಗಳ ಜೊತೆ ಒಂದು ರೂಮಿನಲ್ಲಿದ್ದ. ಗುರುಗಳು ಹೋದ ಮೇಲೂ ಹಬ್ಬಕ್ಕೆ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದವನು. ಚಾರ್ಜರನ್ನು ಎತ್ತಿ ಪಕ್ಕಕ್ಕಿಟ್ಟು, ಬಲಗಡೆ ಒಂದೇ ಒಂದು ಸಲ ತಟ್ಟಿ, ಕಣ್ಣು ಮುಚ್ಚಿದ.

"ಅಣ್ಣಾ, ಹೀಗೇ ಮೂಲೇಲಿ ಬಿಟ್ರೆ ನಾದ ಸತ್ತೋಗ್ಬಿಡತ್ತೆ. ನಂಗೆ ಕೊಡಿ. ನಿಮಗೆ ಯಾವಾಗ ನುಡಿಸ್ಬೇಕು ಅನ್ಸತ್ತೋ ಆವಾಗ ಬನ್ನಿ. ಮೃದಂಗ ನಿಮ್ದೇ, ನಾನು ನೋಡ್ಕೊಂಡಿರ್ತೀನಿ ಅಷ್ಟೇ."

ಬೆಣ್ಣೆ ಹಚ್ಚುವುದರಲ್ಲಿ ಅವನ ಬೆರಳು ಮೃದಂಗ ನುಡಿಸುವುದಕ್ಕಿಂತ ಚುರುಕು. ನಾನು ಕರಗಿಹೋದೆ. ಅವನು ಕೊಟ್ಟ ದುಡ್ಡಿಗೆ ಒಂದು ಆರಾಮ ಕುರ್ಚಿ ಬಂತು, ಕಾಲು ಮೇಲೆತ್ತಿ ಒರಗುವಂಥದ್ದು, ಮಂಡಿಗೆ ಒಳ್ಳೆಯದು ಅಂತ. ಮೃದಂಗವಿದ್ದ ಮೂಲೆಯಲ್ಲೇ ಅದನ್ನು ಇಟ್ಟೆವು. ಆ ಕುರ್ಚಿಯನ್ನು ಕಂಡರೆ ನನಗೆ ಆಗುವುದಿಲ್ಲ, ದಿನಾ ಅದರಲ್ಲೇ ಕೂರುತ್ತೇನೆ.

ಅದೇ ಕುರ್ಚಿಯಲ್ಲಿ ಒರಗಿ ಫೋನು ನೋಡುತ್ತಿದ್ದಾಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಯಾರೋ ನನ್ನದೇ ವಯಸ್ಸಿನ ಮನುಷ್ಯ, ಸ್ಟೂಲಿನಂಥ ಒಂದು ಮರದ ಸ್ಟ್ಯಾಂಡಿನ ಮೇಲೆ ಮೃದಂಗ ಇಟ್ಟುಕೊಂಡು, ಸಾಧಾರಣ ಕುರ್ಚಿಯಲ್ಲಿ ಕೂತು, ಸೊಗಸಾಗಿ ನುಡಿಸುತ್ತಿದ್ದಾನೆ. ಇಷ್ಟೇನಾ? ಒಂದು ಸ್ಟ್ಯಾಂಡು? ಗಣಿತ ಹೇಳಿಕೊಟ್ಟ ಈ ತಲೆಗೆ ಅದು ಹೊಳೆಯಲಿಲ್ಲವಲ್ಲ! ಹೆಂಡತಿ ಕಾಫಿ ತಂದಿಟ್ಟು, ಅದು ಆರಿ, ಅವಳು ಬೈದು ತೆಗೆದುಕೊಂಡು ಹೋಗುವವರೆಗೂ ನಾನು ಅಲುಗಾಡಲಿಲ್ಲ.

ಮಾರನೆಯ ದಿನ ಬಸ್ಸು ಹಿಡಿದು ಮತ್ತಿಕೆರೆಗೆ ಹೋದೆ. ಅವನಾಗಲೇ ರೂಮು ಬಿಟ್ಟು ಒಂದು ಮಹಡಿ ಮನೆ ಮಾಡಿದ್ದ. ಕಚೇರಿಗಳು ಬರುತ್ತಿದ್ದವು, ಗೋಡೆಯ ತುಂಬ ಶಾಲು ಹೊದಿಸಿಕೊಂಡ ಫೋಟೋಗಳು. ಮೃದಂಗ ಮಂಚದ ಮೇಲಿತ್ತು. ಕಪ್ಪು ಗಂಟು ನನ್ನ ಕಡೆಗೇ ತಿರುಗಿತ್ತು.

"ಐದು ನಿಮಿಷ ನುಡಿಸ್ತೀನಪ್ಪ" ಅಂದೆ.

ಅವನು ನನ್ನ ಮುಖ ನೋಡಲಿಲ್ಲ. "ಇವತ್ತಾ? ನಾಳೆ ಕಚೇರಿ ಇದೆ ಅಣ್ಣಾ. ಶ್ರುತಿ ಸೇರಿಸಿಟ್ಟಿದೀನಿ. ಬೇರೆ ಕೈ ಬಿದ್ರೆ ಇಳಿದ್ಬಿಡತ್ತೆ."

ಬೇರೆ ಕೈ. ನನ್ನ ಕೈ ಬೇರೆ ಕೈ! ಆ ಚರ್ಮದ ಅಡಿಯ ಮರ ನನ್ನ ಕೈ ಕೆಳಗೆ ಹಣ್ಣಾದದ್ದು. ಬಂದ ಕೋಪವನ್ನು ಕಾಫಿಯ ಜೊತೆ ನುಂಗಿ, ವಾಪಸ್ಸು ಕೊಟ್ಟುಬಿಡು, ಕೊಟ್ಟದ್ದಕ್ಕಿಂತ ಜಾಸ್ತಿಯೇ ಕೊಡುತ್ತೇನೆ ಅಂದೆ. ಅವನು ನಕ್ಕ. "ಕೈ ಹತ್ತಿದ ವಾದ್ಯ ಅಣ್ಣಾ, ಅದೊಂದ್ ಕೇಳ್ಬೇಡಿ. ಬೇಕಿದ್ರೆ ಬೇರೆ ಒಂದು ಮಾಡಿಸ್ಕೊಡ್ತೀನಿ." ಬರುವಾಗ ಮೆಟ್ಟಿಲವರೆಗೂ ಬಂದು ನನ್ನ ಕೈ ಹಿಡಿದು ಇಳಿಸಿದ. ಅವನು ಒರಟಾಗಿ ಮಾತಾಡಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವನು ಎಲ್ಲರೆದುರು ಮಾನ ಕಳೆದುಕೊಳ್ಳಬೇಕು. ನನಗೆ ಬೇಕಾದದ್ದು ಅಷ್ಟೇ.

ಸಂಗೀತದ ಗಂಧವಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ. ಎಂಟೆಣಿಕೆಯ ತಾಳ ಅಂದುಕೊಳ್ಳಿ. ತೊಡೆಯ ಮೇಲೆ ಒಮ್ಮೆ ತಟ್ಟಿ, ಕಿರುಬೆರಳಿಂದ ಮೂರೆಣಿಸಿ, ಮತ್ತೆ ತಟ್ಟಿ ಕೈ ಮಗುಚಿ, ಇನ್ನೊಮ್ಮೆ ತಟ್ಟಿ ಮಗುಚಿದರೆ ಒಂದು ಸುತ್ತು. ಕಚೇರಿಯಲ್ಲಿ ಒಂದು ಹೊತ್ತು ಉಳಿದವರೆಲ್ಲ ಸುಮ್ಮನಾಗಿ ಮೃದಂಗದವನು ಒಬ್ಬನೇ ನುಡಿಸುತ್ತಾನೆ, ಅದಕ್ಕೆ ತನಿ ಅನ್ನುತ್ತಾರೆ. ಜನ ಎದ್ದು ಕಾಫಿಗೆ ಹೋಗುವುದೂ ಆಗಲೇ. ಎಷ್ಟೆಲ್ಲ ಲೆಕ್ಕ ಹೆಣೆದರೂ ಕೊನೆಗೆ ಅವನು ಸುತ್ತಿನ ಮೊದಲ ತಟ್ಟಿಗೇ ಬಂದು ಬೀಳಬೇಕು. ಒಂದೆಣಿಕೆ ಆಚೀಚೆಯಾದರೆ ಮರ್ಯಾದೆ ಹೋಯಿತು. ಹಾಡುವವರು ಕೈಯಲ್ಲಿ ತಾಳ ಹಿಡಿದಿರುತ್ತಾರೆ, ಮುಂದಿನ ಸಾಲಿನ ಬಲ್ಲವರೂ ಹಿಡಿದಿರುತ್ತಾರೆ, ನುಡಿಸುವವನ ಕಣ್ಣು ಆಗಾಗ ಆ ಕೈಗಳ ಮೇಲೆ ಹೋಗುತ್ತದೆ.

ನಾನು ಆ ಕೈಯಾದೆ. ಮೊದಮೊದಲು ಹೇಗೆಂದರೆ ಹಾಗೆ ತಟ್ಟಿ ನೋಡಿದೆ, ಆಗಲಿಲ್ಲ, ಎರಡು ಸುತ್ತಿಗೆಲ್ಲ ಕೈ ತಾನಾಗಿ ಸರಿಗೆ ಬಂದುಬಿಡುತ್ತಿತ್ತು. ಕೊನೆಗೆ ಒಂದೆಣಿಕೆ ಹಿಂದೆ ಬೀಳುವುದನ್ನು ರೂಢಿ ಮಾಡಿಕೊಂಡೆ. ಎಲ್ಲರೂ ಒಂದು ಅಂದಾಗ ನನ್ನದು ಎಂಟು, ಎಲ್ಲರ ಎರಡಕ್ಕೆ ನನ್ನ ಒಂದು. ಆರಾಮ ಕುರ್ಚಿಯಲ್ಲಿ ಕೂತು ಮಧ್ಯಾಹ್ನವೆಲ್ಲ ಅಭ್ಯಾಸ ಮಾಡಿದೆ. ಇಷ್ಟು ಶ್ರದ್ಧೆಯಿಂದ ಗುರುಗಳ ಪಾಠವನ್ನೂ ಮಾಡಿರಲಿಲ್ಲ.

ಇದಕ್ಕೆ ಬೆಲೆ ತೆರಲಿಲ್ಲ ಅಂತಲ್ಲ. ಪಕ್ಕದ ಕುರ್ಚಿಯವರು ಮೊದಲು ಕೆಮ್ಮಿದರು, ಆಮೇಲೆ ಮೆಲ್ಲಗೆ "ಮೇಷ್ಟ್ರೇ, ತಾಳ" ಅಂದರು, ಆಮೇಲೆ ಬೇರೆ ಕಡೆ ಹೋಗಿ ಕೂತರು. ತಾಳದಲ್ಲಿ ಗಟ್ಟಿ ಅನ್ನುವ ಹೆಸರು ಮೂರು ಬಡಾವಣೆಗಳಲ್ಲೂ ಮಣ್ಣುಪಾಲಾಯಿತು. ಒಂದು ದಿನ ಹೆಂಡತಿ ತರಕಾರಿ ಚೀಲ ಕೆಳಗಿಡುತ್ತ, "ನಿಮಗೆ ಮರೆವು ಶುರುವಾಗಿದ್ಯಂತೆ, ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ ಅಂದ್ರು ನಂಗೆ ಅಂಗಡೀಲಿ ಸಿಕ್ಕೋರು" ಅಂದಳು. ಅವನು ಒಮ್ಮೆ ಎಡವಲಿ, ಎಲ್ಲವೂ ವಸೂಲಾಗುತ್ತದೆ ಅಂದುಕೊಂಡೆ.

ಅವನು ಎಡವಲಿಲ್ಲ. ಹಾಡುವವರ ಕೈ ಎದುರಿಗೇ ಇರುವಾಗ ನನ್ನ ಕೈ ಯಾರಿಗೆ ಬೇಕು? ಆದರೂ ಹೋಗುತ್ತಿದ್ದೆ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅವನ ಕಚೇರಿಗಳೆಲ್ಲ ಫೋನಿನಲ್ಲಿ ಸಿಗುತ್ತವೆ. ಆದರೆ ಫೋನಿನಲ್ಲಿ ಎಡಗಡೆಯ ಆ ಗುಮ್ಮೆನ್ನುವ ನಾದ ಬರುವುದಿಲ್ಲ. ಅದು ಬೇಕಾದರೆ ಎದುರಿಗೇ ಕೂರಬೇಕು.

ಈ ಸಲದ ರಾಮನವಮಿ ಪೆಂಡಾಲಿನಲ್ಲಿ ನನ್ನ ದಿನ ಬಂತು. ತನಿ ಅರ್ಧಕ್ಕೆ ಬಂದಿತ್ತು. ಆಗಲೇ ಮುಖ್ಯ ಅತಿಥಿಗಳ ಕಾರು ಬಂದು ನಿಂತಿತು. ವ್ಯವಸ್ಥಾಪಕರು ಬಗ್ಗಿಕೊಂಡು ವೇದಿಕೆ ಹತ್ತಿ, ಹಾಡುವವರ ಕಿವಿಯಲ್ಲಿ ಅದೇನೋ ಹೇಳತೊಡಗಿದರು. ಅವರು ತಲೆಯಾಡಿಸಿದರು, ಕೈ ನಿಂತಿತು. ಮತ್ತೆ ಶುರುಮಾಡಿದಾಗ ಎಲ್ಲೆಲ್ಲೋ ತಟ್ಟುತ್ತಿದ್ದರು. ಪಿಟೀಲಿನವರು ಅತಿಥಿಗಳ ಹಾರ ನೋಡುತ್ತಿದ್ದರು. ಮುಂದಿನ ಸಾಲಿನವರೆಲ್ಲ ಹಿಂತಿರುಗಿ ಕಾರು ನೋಡುತ್ತಿದ್ದರು. ಅವನು ಕೊನೆಯ ಲೆಕ್ಕಕ್ಕೆ ಕೈ ಹಾಕಿಯಾಗಿತ್ತು. ತಲೆ ಎತ್ತಿದ. ಇಡೀ ಪೆಂಡಾಲಿನಲ್ಲಿ ಎಣಿಕೆ ಬಿಡದೆ ಆಡುತ್ತಿದ್ದದ್ದು ನನ್ನ ಕೈ ಒಂದೇ.

ನನ್ನ ಕೈಯನ್ನೇ ನೋಡಿದ.

ಕೊಟ್ಟೆ. ಎಂದೂ ಇಲ್ಲದ ಅಚ್ಚುಕಟ್ಟಿನಿಂದ, ಬೆರಳು ಬೆರಳು ಬಿಡಿಸಿ, ದೂರಕ್ಕೂ ಕಾಣುವ ಹಾಗೆ, ಒಂದೆಣಿಕೆ ಹಿಂದೆ. ಬಾ ಮಗನೇ, ಬೀಳು ಅಂದುಕೊಂಡೆ. ಅವನು ಆ ಲೆಕ್ಕವನ್ನು ಮೂರು ಸಲ ಸುತ್ತಿ, ಎಡಗೈಯನ್ನು ರವೆಯ ಮೇಲೆ ಒತ್ತಿ ಜಾರಿಸಿ, ಬಂದು ಬಿದ್ದ. ಸರಿಯಾದ ಜಾಗಕ್ಕೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ. ಹಾಡುವವರು ಬೆಚ್ಚಿ ಪಲ್ಲವಿ ಹಿಡಿದರು, ಚಪ್ಪಾಳೆ ಎದ್ದಿತು. ಅಕಸ್ಮಾತ್ ನಾನೇ ಸರಿಯಾಗಿ ಹಾಕಿಬಿಟ್ಟೆನೇನೋ ಅಂತ ನನ್ನ ಕೈಯನ್ನೇ ನೋಡಿಕೊಂಡೆ. ಇಲ್ಲ, ತಪ್ಪೇ ಹಾಕಿದ್ದೆ.

ಮುಗಿದ ಮೇಲೆ ಪಾನಕ, ಕೋಸಂಬರಿ. ನಾನು ಕುರ್ಚಿಯಿಂದ ಏಳಲಿಲ್ಲ. ಅವನು ಮೃದಂಗ ಅವುಚಿಕೊಂಡು ಸೀದಾ ನನ್ನ ಹತ್ತಿರ ಬಂದ.

"ಅಣ್ಣಾ, ಇವತ್ತು ನೀವಿರ್ಲಿಲ್ಲ ಅಂದಿದ್ರೆ ನನ್ ಕಥೆ ಮುಗೀತಿತ್ತು."

"ನಾನ್ ಏನ್ ಮಾಡ್ದೆ?"

"ನೀವು ಯಾವಾಗ್ಲೂ ಒಂದೆಣಿಕೆ ಹಿಂದೆ ಹಾಕ್ತೀರಲ್ಲ. ಎರಡು ವರ್ಷದಿಂದ ನೋಡ್ತಿದೀನಿ. ಒಂದಿನಾನೂ ಅರ್ಧ ಆಗಲ್ಲ, ಒಂದೂವರೆ ಆಗಲ್ಲ. ನಿಮ್ ಕೈ ನೋಡಿ ಒಂದು ಸೇರಿಸ್ಕೊಂಡ್ರೆ ಆಯ್ತು. ಇಷ್ಟು ಸರಿಯಾಗಿ ತಪ್ಪು ಹಾಕೋರು ಬೆಂಗಳೂರಲ್ಲಿ ಇನ್ನೊಬ್ರಿಲ್ಲ ಬಿಡಿ." ಸ್ವಲ್ಪ ದನಿ ತಗ್ಗಿಸಿದ. "ನಿಮಗೆ ನನ್ ಮೇಲೆ ಕೋಪ ಅಂತ ಗೊತ್ತು. ಇರ್ಲಿ. ಮುಂದಕ್ಕೂ ಬರ್ತಿರಿ ಅಣ್ಣಾ."

ಅಷ್ಟರಲ್ಲಿ ಶಾಲು ಹೊದಿಸಲು ಮೈಕಿನಲ್ಲಿ ಅವನ ಹೆಸರು ಕೂಗಿದರು. "ಒಂದ್ನಿಮಿಷ ಹಿಡ್ಕೊಂಡಿರಿ" ಅಂತ ಮೃದಂಗವನ್ನು ನನ್ನ ತೊಡೆಯ ಮೇಲೆ ಇಟ್ಟು ಓಡಿದ.

ಪ್ಲಾಸ್ಟಿಕ್ ಕುರ್ಚಿ, ಮಡಿಸಿದ ಎರಡು ಮಂಡಿ, ಅದರ ಮೇಲೆ ನನ್ನ ಮೃದಂಗ. ಸ್ಟ್ಯಾಂಡೂ ಬೇಕಿರಲಿಲ್ಲ. ಎರಡು ಕೈಯೂ ಎರಡು ಬಾಯಿಗೆ ಸರಿಯಾಗಿ ಎಟುಕುತ್ತಿದ್ದವು. ನಾಲ್ಕು ವರ್ಷದ ಹಿಂದೆ ಮನೆಯ ಊಟದ ಮೇಜಿನ ಕುರ್ಚಿಯಲ್ಲಿ ಹೀಗೆ ಒಮ್ಮೆ ಕೂತು ನೋಡಿದ್ದರೆ ಸಾಕಿತ್ತು. ಕಪ್ಪು ಗಂಟಿನ ಮೇಲೆ ಹೆಬ್ಬೆರಳಿಟ್ಟೆ. ನುಡಿಸಲಿಲ್ಲ, ಜನರಿದ್ದರು, ಮತ್ತೆ ನನ್ನದು ಬೇರೆ ಕೈ. ರವೆ ಇನ್ನೂ ಹಸಿಯಾಗಿತ್ತು. ಹಾಗೇ ಬಿಟ್ಟರೆ ಒಣಗಿ ಅವನ ಮುಂದಿನ ಕಚೇರಿ ಕೆಡುತ್ತದೆ ಅಂತ ಗೊತ್ತಿದ್ದೂ, ಉಗುರಿನಿಂದ ಕೆರೆದು ತೆಗೆದು, ಪಂಚೆಯ ಅಂಚಿನಿಂದ ಚರ್ಮ ಒರೆಸಿದೆ. ಅದನ್ನು ಅವನಿಗಾಗಿ ಮಾಡಲಿಲ್ಲ. ಅವನು ಶಾಲಿನ ಸಮೇತ ಬಂದು, "ಥ್ಯಾಂಕ್ಸ್ ಅಣ್ಣಾ" ಅಂತ ಎತ್ತಿಕೊಂಡು ಹೋದ.

ಮನೆಗೆ ಬಂದಾಗ ಹೆಂಡತಿ, "ಹೇಗಿತ್ತು?" ಅಂದಳು. ಚೆನ್ನಾಗಿತ್ತು ಅಂದೆ. ಅವಳು ಪಂಚೆಯ ಅಂಚಿನ ರವೆಯನ್ನು ನೋಡಿದಳು, ನೆನೆಹಾಕಲು ತೆಗೆದುಕೊಂಡು ಹೋದಳು. ನಾನು ಆರಾಮ ಕುರ್ಚಿಯಲ್ಲಿ ಒರಗಿ ಲೆಕ್ಕ ಹಾಕಿದೆ. ಇನ್ನು ಹೋಗುವುದೇ ಬೇಡ ಅನ್ನಿಸಿತು, ಆದರೆ ಹೋಗದಿದ್ದರೆ ಅದನ್ನು ಕೇಳುವುದೆಲ್ಲಿ? ಹೋಗಿ ಕೈಕಟ್ಟಿ ಕೂರಲೇ? ಅದೆಂಥ ಸೇಡು? ಆಮೇಲೆ ಹೊಳೆಯಿತು. ಇಷ್ಟು ಸುಲಭದ ಲೆಕ್ಕ ಇಷ್ಟು ದಿನ ಹೊಳೆಯದೆ ಇದ್ದದ್ದಕ್ಕೆ ನಗುವೂ ಬಂತು. ಅವನು ಎಡವಿದರೆ ಆ ತಪ್ಪು ನನ್ನ ಮೃದಂಗದ ಬಾಯಿಂದಲೇ ಬರುತ್ತದೆ, ಅದು ಗೊತ್ತು, ಅದನ್ನು ಆಮೇಲೆ ಯೋಚಿಸಿದರಾಯಿತು.

ಬರುವ ಶನಿವಾರ ಮಲ್ಲೇಶ್ವರದಲ್ಲಿ ಅವನ ಕಚೇರಿಯಿದೆ. ಬೇಗ ಹೋಗಿ ಮೊದಲ ಸಾಲಿನಲ್ಲಿ ಕೂರುತ್ತೇನೆ. ಗುರುಗಳು ಕಲಿಸಿದ ಹಾಗೆ, ಸರಿಯಾದ ತಾಳ ಹಾಕುತ್ತೇನೆ. ಅವನು ಒಂದು ಸೇರಿಸಿಕೊಳ್ಳಲಿ.